ಕೊಟ್ರಮ್ಮನ ಡಿವಿಡಿ

ಕಳೆದ ಗುರುವಾರ ಕೂಡ್ಲಿಗಿಯಲ್ಲಿ ಬಸ್ ಬದಲಿಸಬೇಕಿತ್ತು. ಹೊಸಪೇಟೆ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಹೆದ್ದಾರಿಯ ಬದಿಯ ಅಂಗಡಿಗಳನ್ನು ನೋಡುತ್ತ ನಡೆದೆ. ಒಂದು ಮೊಬೈಲ್ ಅಂಗಡಿಯ ಒಳಗಿನಿಂದ ಲೋಬಾನದ ಹೊಗೆ ಬಂತು. ಕಾಲು ತಾನಾಗಿ ನಿಂತಿತು. ಅಂಗಡಿಗೆ ಗಾಜಿನ ಬಾಗಿಲು ಬಂದಿದೆ, ಬೋರ್ಡು ಬದಲಾಗಿದೆ. ಗುರುವಾರದ ಹೊಗೆ ಮಾತ್ರ ಹಿಂದಿನದೇ. ಒಳಗೆ ಮೂಲೆಯ ಕುರ್ಚಿಯಲ್ಲಿ ಇಮಾಮಣ್ಣ ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ಸರ," ಅಂದ. ಚಹಾ ತರಿಸಿದ. ಮನೆ ಮಕ್ಕಳ ವಿಚಾರವೆಲ್ಲ ಮುಗಿದ ಮೇಲೆ ತಾನಾಗಿಯೇ ಹೇಳಿದ: "ಕೊಟ್ರಮ್ಮಕ್ಕನ ಡಿಸ್ಕು ಇನ್ನೂ ಇಟ್ಟೀನಿ ಸರ. ಹಾಕಿ ಕೇಳಾಕ ಮಶಿನ್ನ ಇಲ್ಲ ಈಗ."

ಆ ಮಳೆಗಾಲದ ಬಗ್ಗೆ ನಾನು ಎಲ್ಲಿಯೂ ಬರೆದಿಲ್ಲ. ಆಗ ಒಂದು ದಿನಪತ್ರಿಕೆಗೆ ಕೂಡ್ಲಿಗಿಯಿಂದ ಸುದ್ದಿ ಕಳಿಸುತ್ತಿದ್ದೆ. ಅದಿರು ಲಾರಿಗಳು ಹೆದ್ದಾರಿಯ ಎರಡೂ ಬದಿಯ ಗಿಡಗಳನ್ನು ಕೆಂಪು ಮಾಡಿದ್ದ ವರ್ಷಗಳವು. ಸುದ್ದಿಯ ಜೊತೆ ಫೋಟೋ ಕಳಿಸಬೇಕೆಂದರೆ ಇಂಟರ್ನೆಟ್ ಇದ್ದ ಜಾಗ ಹುಡುಕಬೇಕಿತ್ತು. ಇಮಾಮಣ್ಣನ ಸ್ಟುಡಿಯೋದಲ್ಲಿ ಅದಿತ್ತು. ಹೀಗಾಗಿ ಮಧ್ಯಾಹ್ನದ ನನ್ನ ಕಚೇರಿ ಅದೇ ಆಗಿತ್ತು.

ಇಮಾಮಣ್ಣ ಮೊದಲು ಕ್ಯಾಸೆಟ್‌ಗೆ ಹಾಡು ತುಂಬಿಸಿ ಕೊಡುತ್ತಿದ್ದವನು. ಕ್ಯಾಸೆಟ್ ಹೋಯಿತು, ಮದುವೆ ವಿಡಿಯೋ ಹಿಡಿದ. ಆ ಹೊತ್ತಿಗೆ ಹಳ್ಳಿಹಳ್ಳಿಯಲ್ಲೂ ಟಿವಿ ಪಕ್ಕ ಒಂದು ಡಿವಿಡಿ ಪ್ಲೇಯರ್ ಬಂದು ಕುಳಿತಿತ್ತು. ಗುರುವಾರ ಲೋಬಾನ ಹಾಕಿದಾಗ ಕ್ಯಾಮೆರಾ, ಕಂಪ್ಯೂಟರು, ಡಿಸ್ಕ್ ಬರೆಯುವ ಯಂತ್ರ ಎಲ್ಲಕ್ಕೂ ಹೊಗೆ ತೋರಿಸುತ್ತಿದ್ದ. ಅಂಥ ಒಂದು ಗುರುವಾರ, ಆಷಾಢದಲ್ಲಿ, ಮೂವರು ಹೆಂಗಸರು ಮಳೆಯಲ್ಲಿ ನೆನೆದು ಒಳಗೆ ಬಂದರು. ಉಜ್ಜಿನಿ ಪಕ್ಕದ ಹಳ್ಳಿಯವರು. ಒಬ್ಬಳು ಮದುವೆ ಗೊತ್ತಾದ ಹುಡುಗಿ ಅನ್ನಪೂರ್ಣ, ಇನ್ನೊಬ್ಬಳು ಅವಳ ತಾಯಿ ಕೊಟ್ರಮ್ಮ, ಮತ್ತೊಬ್ಬಳು ಕೊಟ್ರಮ್ಮನ ನೆಗೆಣ್ಣಿ, ಅಂದರೆ ಗಂಡನ ತಮ್ಮನ ಹೆಂಡತಿ, ಹಾಲಮ್ಮ.

"ನಮ್ಮವ್ವನ ಹಾಡು ತುಂಬಿ ಕೊಡ್ತೀರೇನ್ರಿ?" ಅನ್ನಪೂರ್ಣ ಕೇಳಿದಳು.

"ಕ್ಯಾಸೆಟ್ ಬಿಟ್ಟು ಭಾಳ ದಿನ ಆತವ್ವ. ಈಗ ಮದುವಿ ಕೆಲಸ ಅಷ್ಟ ಮಾಡ್ತೀನಿ."

"ಇದೂ ಮದುವಿ ಕೆಲಸಾನ ರಿ. ನನ್ನ ಮದುವಿ."

ಇಮಾಮಣ್ಣ ನಕ್ಕು ಬೆಂಚು ತೋರಿಸಿದ. ಕೂತ ಮೇಲೆ ಹಾಲಮ್ಮ ವಿಷಯ ಬಿಚ್ಚಿದಳು. ಕೊಟ್ರಮ್ಮನ ಗಂಟಲಲ್ಲಿ ಗಡ್ಡೆ. ಹುಬ್ಬಳ್ಳಿಯ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡುವಂತಿಲ್ಲ ಅಂದಿದ್ದಾರೆ. ಆಪರೇಷನ್ ಶ್ರಾವಣದಲ್ಲಿ. ತೆಲಿಗಿಯ ಗಂಡಿನ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಿದ್ದರಿಂದ ಮದುವೆ ದೀಪಾವಳಿಯ ಆಚೆಗೆ ಹೋಗಿದೆ.

"ಆಪರೇಷನ್ ಆದಮ್ಯಾಲ?" ಇಮಾಮಣ್ಣ ಕೇಳಿದ.

ಕೊಟ್ರಮ್ಮ ತಾನೇ ಸವೆದ ದನಿಯಲ್ಲಿ ಹೇಳಿದಳು: "ಜೀವ ಇರತೈತಂತ. ಮಾತು ಇರಂಗಿಲ್ಲಂತ."

ಕೊಟ್ರಮ್ಮ ಸುತ್ತಲ ಊರುಗಳಲ್ಲಿ ಸೋಬಾನೆ ಹಾಡುವವಳೆಂದು ಹೆಸರಾಗಿದ್ದವಳು. ಸೋಬಾನೆಯಲ್ಲಿ ಒಬ್ಬಾಕೆ ಸಾಲು ಎತ್ತುತ್ತಾಳೆ, ಸುತ್ತ ಕುಳಿತವರು ಅದನ್ನೇ ಹಿಂದೆ ಅನ್ನುತ್ತಾರೆ. ಎತ್ತುವವಳು ಕೊಟ್ರಮ್ಮ, ಹಿಂದೆ ಅನ್ನುವವರಲ್ಲಿ ಮೊದಲ ದನಿ ಹಾಲಮ್ಮನದು. ಹೀಗೆ ಊರ ಹೆಣ್ಣುಮಕ್ಕಳನ್ನೆಲ್ಲ ಅವರಿಬ್ಬರೂ ಹಾಡಿ ಕಳಿಸಿಕೊಟ್ಟಿದ್ದರು. ಅವರ ಮನೆತನದಲ್ಲಿ ಒಂದು ಪದ್ಧತಿ. ಮಗಳನ್ನು ಕಳಿಸುವ ಕೊನೆಯ ಹಾಡನ್ನು ಹೆತ್ತ ತಾಯಿಯೇ ಎತ್ತಬೇಕು. ನೀವೇ ಎತ್ತಬಹುದಲ್ಲ ಎಂದು ನಾನು ಹಾಲಮ್ಮನನ್ನು ಕೇಳಿದೆ.

"ತಾಯಿ ಕಣ್ಮುಂದ ಕೂತಿರ್ವಾಗ ನಾ ಎತ್ತಿದ್ರ, ಆಕಿ ಇಲ್ಲ ಅಂತ ಸಾರಿದಂಗ ಆಗತೈತ್ರಿ," ಅಂದಳು. ಕೇಳಿದ್ದು ತಪ್ಪಾಯಿತೇನೋ ಎನ್ನುವಂತಿತ್ತು ಆ ಮುಖ.

ಸಿಡಿ ಮಾಡಿ ಕೊಡುತ್ತೇನೆ ಎಂದ ಇಮಾಮಣ್ಣ. ಕೊಟ್ರಮ್ಮ ಒಪ್ಪಲಿಲ್ಲ. ಎಣ್ಣೆ ಹಚ್ಚುವಾಗ ಒಂದು ಹಾಡು, ಅರಿಶಿಣಕ್ಕೆ ಒಂದು, ಮದುಮಗಳನ್ನು ಮೀಯಿಸುವ ಸುರಿಗೆ ನೀರಿಗೆ ಒಂದು, ಉಡಿ ತುಂಬುವಾಗ ಒಂದು, ಕಳಿಸುವಾಗ ಒಂದು. ಯಾವುದು ಎಷ್ಟು ಹೊತ್ತಿಗೆ ಬರುತ್ತದೆಂದು ಮೊದಲೇ ಹೇಳಲಾಗದು. ಬೀಗರು ತಡ ಮಾಡಿದರೆ ಹಾಡೂ ಕಾಯಬೇಕು. "ಹಾಡು ಹಚ್ಚೋ ಗುಂಡಿ ನಾನ ಒತ್ತತೀನಿ. ಅಷ್ಟು ಮಾಡಿ ಕೊಡ್ರಿ," ಅಂದಳು.

ಟಿವಿಯ ಮೇಲೆ ಪಟ್ಟಿ ತೋರಿಸಿ, ರಿಮೋಟಿನಿಂದ ಬೇಕಾದ ಹಾಡು ಆರಿಸುವಂತೆ ಮಾಡಲು ಡಿವಿಡಿಯೇ ಸರಿ ಎಂದಾಯಿತು. ಮದುವೆ ವಿಡಿಯೋಗಳಿಗೆ ಇಮಾಮಣ್ಣ ಅಂಥ ಮೆನು ಮಾಡುತ್ತಿದ್ದ. ಎರಡು ದಿನ ಬಿಟ್ಟು ಅವರು ಬಂದಾಗ ಒಂದು ಮಾದರಿ ತೋರಿಸಿದ. ಗುಲಾಬಿ ಹೂ, ಹಾರುವ ಪಾರಿವಾಳ, ಮಿನುಗುವ ಹೃದಯ. ಅವುಗಳ ನಡುವೆ ಕನ್ನಡದಲ್ಲಿ ಹಾಡುಗಳ ಹೆಸರು.

ಕೊಟ್ರಮ್ಮ ಸ್ವಲ್ಪ ಹೊತ್ತು ನೋಡಿದಳು. "ಭಾಳ ಚಂದ ಐತಿ. ನನಗ ಓದಾಕ ಬರಂಗಿಲ್ಲಲ್ಲಪ್ಪ."

ಆಗ ಹೆಸರಿನ ಬದಲು ಚಿತ್ರ ಇಡುವ ಯೋಚನೆ ಅನ್ನಪೂರ್ಣಳಿಗೆ ಬಂತು. ಪತ್ರಿಕೆಯವರು ನನಗೊಂದು ಸಣ್ಣ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದರು. ಅವರ ಹಳ್ಳಿಗೆ ಹೋಗಿ ಎಣ್ಣೆ ಬಟ್ಟಲು, ಅರಿಶಿಣ ಕುಟ್ಟುವ ಒರಳು, ನೂಲು ಸುತ್ತಿದ ಸುರಿಗೆಯ ತಂಬಿಗೆಗಳು, ಅಕ್ಕಿ ಕೊಬ್ಬರಿ ತುಂಬಿದ ಸೆರಗು, ಎಲ್ಲದರ ಫೋಟೋ ತೆಗೆದೆ. ಕಳಿಸುವ ಹಾಡಿಗೆ ಏನು ಎಂದು ಕೇಳಿದಾಗ ಕೊಟ್ರಮ್ಮ ಬಾಗಿಲಿನ ಕಡೆ ಕೈ ಮಾಡಿದಳು. ಹಾಲಮ್ಮ ಹೊಸ್ತಿಲು ತೊಳೆದು ಕುಂಕುಮ ಹಚ್ಚಿದಳು. ಅದನ್ನೇ ತೆಗೆದೆ. ಬಾಣದ ಗುಂಡಿ ಒತ್ತಿದರೆ ಒಂದು ಹಳದಿ ಚೌಕಟ್ಟು ಚಿತ್ರದಿಂದ ಚಿತ್ರಕ್ಕೆ ಹೋಗುತ್ತದೆ, ನಡುವಿನ ಗುಂಡಿ ಒತ್ತಿದರೆ ಅದೇ ಚಿತ್ರ ಪರದೆ ತುಂಬ ನಿಂತು ಹಾಡು ಶುರುವಾಗುತ್ತದೆ. ಕೊಟ್ರಮ್ಮ ಒಂದೇ ಮಧ್ಯಾಹ್ನದಲ್ಲಿ ಕಲಿತಳು.

ಇಮಾಮಣ್ಣ ತನ್ನ ಕಡೆಯಿಂದ ಒಂದು ಸೇರಿಸಿದ್ದ. ಡಿಸ್ಕ್ ಹಾಕಿದ ಕೂಡಲೇ ಕೊಟ್ರಮ್ಮನ ಫೋಟೋ, ಸುತ್ತ ಹೂವಿನ ಚೌಕಟ್ಟು, ಕೆಳಗೆ ಉರಿಯುವ ಎರಡು ದೀಪ.

ಹಾಲಮ್ಮ ನೋಡಿ ಸೊಂಟದ ಮೇಲೆ ಕೈ ಇಟ್ಟಳು. "ಯಾವತ್ತು ತೀರಿಕೊಂಡ್ಳು ಅಂತ ಬರೆಯೋದು ಯಾಕ ಬಿಟ್ಟಿ ತಮ್ಮಾ? ಅದನ್ನೂ ಬರದುಬಿಡು, ಉಜ್ಜಿನಿ ಮಂದಿಯೆಲ್ಲಾ ಮಣ್ಣಿಗೆ ಬರ್ತಾರ."

ಇಮಾಮಣ್ಣ ಕೆನ್ನೆ ಕೆನ್ನೆ ಬಡಿದುಕೊಂಡ. ಕೊಟ್ರಮ್ಮ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆಗಲೇ ನಮಗೆಲ್ಲ ಇರುವ ಸಮಯ ಎಷ್ಟು ಕಡಿಮೆ ಎಂದು ಅರ್ಥವಾದದ್ದು. ಇಮಾಮಣ್ಣ ಆ ಫೋಟೋ ತೆಗೆದುಹಾಕಿದ. ರೆಕಾರ್ಡಿಂಗ್ ಮಾರನೆಯ ದಿನದಿಂದಲೇ ಎಂದು ಗೊತ್ತಾಯಿತು.

ಸ್ಟುಡಿಯೋದ ಹಿಂದಿನ ಕೋಣೆಯ ಗೋಡೆಗಳಿಗೆ ಇಮಾಮಣ್ಣನ ಹೆಂಡತಿ ಮನೆಯ ಕೌದಿಗಳನ್ನೆಲ್ಲ ಕಟ್ಟಿದಳು. ಆದರೂ ಲಾರಿಯ ಹಾರನ್ನು ಬರುತ್ತಿತ್ತು. ತಗಡಿನ ಮೇಲೆ ಮಳೆ ಬಿದ್ದರೆ ಎಲ್ಲ ನಿಲ್ಲಿಸಬೇಕಿತ್ತು. ಹಲವು ವರ್ಷಗಳ ಮೇಲೆ ಹದವಾದ ಮಳೆ. ಊರೆಲ್ಲ ಬಿತ್ತನೆಯ ಖುಷಿಯಲ್ಲಿತ್ತು. ಇಮಾಮಣ್ಣ ಮಾತ್ರ ಕಿಟಕಿಯಲ್ಲಿ ನಿಂತು ಮೋಡ ನೋಡುತ್ತಿದ್ದ. "ಬ್ಯಾಡ ಅನ್ನಾಕ ಬಾಯಿ ಬರಂಗಿಲ್ಲ ಸರ, ಬಾ ಅನ್ನಾಕ ಕೆಲಸ ಬಿಡಂಗಿಲ್ಲ," ಅನ್ನುತ್ತಿದ್ದ.

ಮೊದಲ ದಿನ ಹಾಲಮ್ಮ ಕೊಟ್ರಮ್ಮನ ಪಕ್ಕದಲ್ಲೇ ಕುಳಿತು ಹಿಂದೆ ಅಂದಳು. ಆ ದನಿ ದೊಡ್ಡದು. ಇದ್ದದ್ದು ಒಂದೇ ಮೈಕು. ಕೇಳಿ ನೋಡಿದರೆ ಕೊಟ್ರಮ್ಮನ ದನಿ ಅದರಡಿ ಮುಚ್ಚಿಹೋಗಿತ್ತು. "ಯಕ್ಕ, ನೀ ಹೊರಗ ಕುಂದುರು. ಆಕಿ ದನಿ ಒಂದ ಕ್ಲೀನ್ ಬರಲಿ," ಎಂದ ಇಮಾಮಣ್ಣ. ಹಾಲಮ್ಮ ಬೈಯುತ್ತ ಬಂದು ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಳು. ಒಳಗೆ ಕೊಟ್ರಮ್ಮ ಒಂದು ಸಾಲು ಹಾಡುವಳು, ನಿಲ್ಲುವಳು, ಇನ್ನೊಂದು ಸಾಲು ಎತ್ತುವಳು. ನಿಂತಾಗ ತೊಡೆಯ ಮೇಲೆ ಕೈ ಮೆಲ್ಲಗೆ ಏರಿ ಇಳಿಯುತ್ತಿತ್ತು. ಕೋಣೆಯ ಬಾಗಿಲಿನ ಗಾಜಿನಾಚೆ ಅದು ಕಾಣುತ್ತಿತ್ತು. ಅದೇನೆಂದು ನಾನಾಗಲಿ ಇಮಾಮಣ್ಣನಾಗಲಿ ಕೇಳಲಿಲ್ಲ.

ಕಳಿಸುವ ಹಾಡಿನ ದಿನ ಕೊಟ್ರಮ್ಮ ಹಟ ಹಿಡಿದಳು. ಮದುಮಗಳಿಲ್ಲದೆ ಆ ಹಾಡು ಹಾಡಬಾರದು. ಅನ್ನಪೂರ್ಣಳನ್ನು ಎದುರಿಗೆ ಕೂರಿಸಿದ್ದಾಯಿತು. ಉಡಿ ತುಂಬಲು ಅಕ್ಕಿ ಬೇಕು. ಇಮಾಮಣ್ಣ ಮನೆಗೆ ಓಡಿದ. ಅವನ ಹೆಂಡತಿ ತಟ್ಟೆಯಲ್ಲಿ ಅಕ್ಕಿ, ಜೊತೆಗೆ ತಾನೇ ನೆನಪು ಮಾಡಿ ಒಂದು ಬಟ್ಟಲು ಕೊಬ್ಬರಿ ಹಿಡಿದು ಬಂದಳು. ಹಾಡು ಶುರುವಾಯಿತು: "ಹೊಸ್ತಿಲ ದಾಟೋ ಮಗಳೇ, ಒಂದ್ಸಾರಿ ತಿರುಗಿ ನೋಡವ್ವ…" ದನಿ ಎರಡು ಕಡೆ ಒಡೆಯಿತು. ಮತ್ತೊಮ್ಮೆ ಹಾಡಲು ಇಮಾಮಣ್ಣ ಕೇಳಲಿಲ್ಲ. ಕೇಳಿದ್ದರೂ ಆಕೆಯಿಂದ ಆಗುತ್ತಿರಲಿಲ್ಲ.

ಶ್ರಾವಣದ ಮೊದಲ ವಾರ ಕೊಟ್ರಮ್ಮನನ್ನು ಹುಬ್ಬಳ್ಳಿಗೆ ಕರೆದೊಯ್ದರು. ಆ ವಾರಗಳಲ್ಲಿ ಇಮಾಮಣ್ಣ ಧ್ವನಿಯ ಕೆಲಸ ಮಾಡಿದ. ಹಾರನ್ನು ತೆಗೆದ, ಕೆಮ್ಮು ತೆಗೆದ. ಪರದೆಯ ಮೇಲೆ ಹಾಡು ಹಸಿರು ಗೆರೆಯಾಗಿ ಕಾಣುತ್ತಿತ್ತು. ಹಾಡಿದ ಕಡೆ ಉಬ್ಬಿ, ಸುಮ್ಮನಿದ್ದ ಕಡೆ ಚಪ್ಪಟೆಯಾಗಿ. ಚಪ್ಪಟೆ ಇದ್ದ ಕಡೆಯೆಲ್ಲ ಕತ್ತರಿಸಿದ. ಮದುವೆ ವಿಡಿಯೋದಲ್ಲಿ ಎರಡು ಕ್ಷಣ ಸದ್ದಿಲ್ಲದಿದ್ದರೆ ಗಿರಾಕಿ ಡಿಸ್ಕ್ ತಂದು ಕೌಂಟರಿನ ಮೇಲೆ ಎಸೆಯುತ್ತಿದ್ದ, ಸೌಂಡ್ ಹೋಗೈತಿ ಅಂತ. ಆ ಕಸುಬಿನ ಅಭ್ಯಾಸ ಅದು. ಕತ್ತರಿಸಿದ ಮೇಲೆ ಹಾಡು ರೇಡಿಯೋದಲ್ಲಿ ಬಂದಂತೆ ಒಂದೇ ಸಮ ಹರಿಯಿತು. ನನಗೂ ಚೆನ್ನಾಗಿ ಕೇಳಿತು. ಕೆಲಸ ಮುಗಿದ ಮೇಲೆ ಮೂಲ ಧ್ವನಿಯನ್ನು ಕಂಪ್ಯೂಟರಿನಿಂದ ಅಳಿಸಿದ. ಮುಂದಿನ ಮದುವೆಗಳಿಗೆ ಜಾಗ ಬೇಕಿತ್ತು. ಅದೂ ದಿನನಿತ್ಯದ ಅಭ್ಯಾಸವೇ.

ನವರಾತ್ರಿ ಮುಗಿದ ಮೇಲೆ ಕೊಟ್ರಮ್ಮ ಬಂದಳು. ಅರ್ಧಕ್ಕೆ ಇಳಿದಿದ್ದಳು. ಕುತ್ತಿಗೆಗೆ ತೆಳ್ಳನೆಯ ಬಿಳಿ ಬಟ್ಟೆ. ಉಸಿರು ಅದರಡಿಯಿಂದ ಸಣ್ಣಗೆ ಕೇಳುತ್ತಿತ್ತು. ಹೇಳಬೇಕಾದುದನ್ನು ಕೈಯಲ್ಲಿ, ತುಟಿಯಲ್ಲಿ ಹೇಳುತ್ತಿದ್ದಳು. ಹಾಲಮ್ಮ ಅದನ್ನು ನಮಗೆ ಹೇಳುತ್ತಿದ್ದಳು, ಕೆಲವೊಮ್ಮೆ ತನ್ನದನ್ನೂ ಸೇರಿಸಿ.

ಇಮಾಮಣ್ಣ ಡಿಸ್ಕ್ ಹಾಕಿ ರಿಮೋಟ್ ಕೊಟ್ಟ. ಕೊಟ್ರಮ್ಮ ಎಣ್ಣೆ ಬಟ್ಟಲಿನ ಚಿತ್ರ ಒತ್ತಿದಳು. ಇಲ್ಲದಾಗಿದ್ದ ದನಿ ಕೋಣೆ ತುಂಬಿತು. ಅನ್ನಪೂರ್ಣ ಅತ್ತಳು. ಕೊಟ್ರಮ್ಮನ ಕೈ ತೊಡೆಯ ಮೇಲೆ ಏರಿತು. ಇಳಿಯುವ ಮೊದಲೇ ಎರಡನೆಯ ಸಾಲು ಬಂತು. ಮತ್ತೆ ಏರಿತು, ಮೂರನೆಯ ಸಾಲು ಬಂತು. ಆಕೆ ಬಸ್ ನಿಲ್ಲಿಸುವವರಂತೆ ಅಂಗೈ ಮುಂದೆ ಮಾಡಿದಳು. ಹಾಡು ನಿಲ್ಲಲಿಲ್ಲ.

"ಇಮಾಮ," ಹಾಲಮ್ಮ ಕೇಳಿದಳು, "ನಾವು ಎಲ್ಲಿ ಅನಬೇಕೋ? ನಮಗ ಜಾಗಾನ ಇಲ್ಲಲ್ಲ ಇದರಾಗ."

"ಅಲ್ಲಿ ಏನೂ ಇರಲಿಲ್ಲ ಯಕ್ಕ. ಬರೇ ಖಾಲಿ ಇತ್ತು."

"ಖಾಲಿ ಅಲ್ಲೋ ಹುಚ್ಚ. ನಾವಿದ್ವಿ ಅಲ್ಲಿ."

ಇಮಾಮಣ್ಣ ಕಂಪ್ಯೂಟರಿನ ಕಡೆ ತಿರುಗಿದ. ಮೂಲ ಅಳಿಸಿದ್ದೇನೆ ಎಂಬುದನ್ನು ಮೂರು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಿದ. ಇನ್ನೊಮ್ಮೆ ಹಾಡಿಸುವ ದಾರಿ ಇರಲಿಲ್ಲ. ಕೊಟ್ರಮ್ಮ ಬೈಯುವಂತೆ ಕಾಣಲಿಲ್ಲ. ರಿಮೋಟನ್ನು ಮೇಜಿನ ಮೇಲೆ ನೇರವಾಗಿ ಇಟ್ಟು, ಅದರ ಮೇಲೆ ಕೈ ಇಟ್ಟುಕೊಂಡು ಕುಳಿತಳು. ನಾನು ಎದ್ದು ಹೊರಗೆ ಹೋದೆ.

ಮರುದಿನ ಹೋದಾಗ ಇಮಾಮಣ್ಣ ಪ್ರತಿ ಸಾಲನ್ನೂ ಬೇರೆ ಮಾಡಿ, ನಡುವೆ ಒಂದೇ ಅಳತೆಯ ಮೌನ ಸೇರಿಸಿ ಇಟ್ಟಿದ್ದ. ನೆಗೆಣ್ಣಿಯರಿಬ್ಬರನ್ನೂ ಕರೆಸಿದ್ದ. ಹಾಲಮ್ಮ ಜೊತೆಗೆ ಹಾಡಿ ನೋಡಿದಳು. ಎಣ್ಣೆ ಹಾಡಿಗೆ ಮೌನ ಉದ್ದವಾಯಿತು, ಉಡಿ ಹಾಡಿಗೆ ಸಾಲದಾಯಿತು. ಕಳಿಸುವ ಹಾಡಿನಲ್ಲಿ ಹೆಂಗಸರು ಅಳುತ್ತ ಹಾಡುತ್ತಾರೆ, ಸಾಲಿನಿಂದ ಸಾಲಿಗೆ ನಿಧಾನವಾಗುತ್ತದೆ. ಅದು ಯಾವ ಅಳತೆಗೂ ಹೊಂದಲಿಲ್ಲ.

"ಅಳತಿ ಆಕಿ ಕೈಯಾಗ ಐತಿ," ಎಂದು ಹಾಲಮ್ಮ ನೆಗೆಣ್ಣಿಯ ಕಡೆ ತಿರುಗಿದಳು. "ಏಳಕ್ಕ. ನೀ ಕೈ ಎತ್ತು, ನಾ ಅಂತೀನಿ. ಇಂವ ನೋಡಿಕೊಂಡು ಜಾಗ ಬಿಡಲಿ."

ಆಮೇಲಿನ ಕೆಲಸ ನಡೆದದ್ದು ಹಾಗೆ. ಡಿಸ್ಕಿನ ಒಂದು ಸಾಲು ಬರುವುದು. ಕೊಟ್ರಮ್ಮ ಕೈ ಎತ್ತುವಳು. ಹಾಲಮ್ಮ ಹಿಂದೆ ಅನ್ನುವಳು. ಕೈ ಇಳಿದಾಗ ಇಮಾಮಣ್ಣ ಗುರುತು ಹಾಕುವನು. ಕರೆಂಟ್ ಹೋದರೆ ಕಾಯುವುದು. ದೀಪಾವಳಿ ಹತ್ತಿರವಾಗುತ್ತಿತ್ತು. ಹಾಲಮ್ಮನ ಗಂಟಲು ಕಟ್ಟಿತು. "ಅವತ್ತು ನನ್ನ ದನಿ ಬ್ಯಾಡ ಅಂತ ಹೊರಗ ಹಾಕಿದ್ದಿ. ಈಗ ಕರದು ಕರದು ಹಾಡಿಸ್ತಿ. ನಿನ್ನ ಪಾಪ ತೀರೂದಿಲ್ಲ ನೋಡು," ಅನ್ನುವಳು. ಇಮಾಮಣ್ಣ ತಲೆ ಎತ್ತದೆ, "ಜೇನುತುಪ್ಪ ತರಿಸ್ಲೇನು ಯಕ್ಕ?" ಅನ್ನುವನು.

ಬರೀ ಮೌನ ಸೇರಿಸಿದರೆ ಪ್ರತಿ ಸಾಲಿಗೂ ಸೌಂಡ್ ಬಾಕ್ಸ್ ಬಂದಾದಂತೆ ಕೇಳುತ್ತಿತ್ತು. ಅದಕ್ಕೆ ಇಮಾಮಣ್ಣ ನಮ್ಮನ್ನೆಲ್ಲ ಹೊರಗೆ ಕಳಿಸಿ, ಕೌದಿ ಕಟ್ಟಿದ ಖಾಲಿ ಕೋಣೆಯನ್ನೇ ರೆಕಾರ್ಡ್ ಮಾಡಿದ. ಆ ಸದ್ದನ್ನು ನಡುವೆ ತುಂಬಿದ. ಆಗ ಕೊಟ್ರಮ್ಮ ಉಸಿರು ಹಿಡಿದು ಕಾಯುತ್ತಿರುವಂತೆ ಕೇಳಿತು.

ಎಲ್ಲ ಮುಗಿದ ಮೇಲೆ ಅವನಿಗೊಂದು ಯೋಚನೆ ಹೊಳೆಯಿತು. ಹೇಗೂ ಹಾಲಮ್ಮ ಹಾಡಿದ್ದಾಳೆ, ಅದನ್ನೇ ರೆಕಾರ್ಡ್ ಮಾಡಿ ಖಾಲಿ ಜಾಗದಲ್ಲಿ ಸೇರಿಸಿದರೆ ಹಾಡು ತುಂಬುತ್ತದೆ. ಹಾಲಮ್ಮನ ಮುಖ ಅರಳಿತು. ಸೆರಗು ಸರಿ ಮಾಡಿಕೊಂಡಳು, ರೆಕಾರ್ಡಿಂಗ್ ಈಗಲೇ ಎನ್ನುವಂತೆ. ಕೊಟ್ರಮ್ಮ ಬೇಡವೆಂದು ತಲೆ ಅಲ್ಲಾಡಿಸಿದಳು. ಗಾಳಿಯಲ್ಲಿ ಬೆರಳಿನಿಂದ ಒಂದು ದೊಡ್ಡ ಸುತ್ತು ಬರೆದಳು.

"ಸುತ್ತ ಯಾರ್ಯಾರು ಕೂತಿರ್ತಾರೋ ಅವರ ಅನಬೇಕಂತ," ಹಾಲಮ್ಮ ಹೇಳಿದಳು, ಸ್ವಲ್ಪ ಸಪ್ಪಗಾಗಿ.

"ಅವರು ಅನದಿದ್ರ?" ಎಂದ ಇಮಾಮಣ್ಣ. "ಟಿವಿಯಾಗ ಫೋಟೋ ಅಲುಗಂಗಿಲ್ಲ, ಸೌಂಡ್ ಇರಂಗಿಲ್ಲ. ಡಿಸ್ಕ್ ಕೆಟ್ಟೈತಿ ಅಂತ ಎದ್ದು ತೆಗೀತಾರ."

ಕೊಟ್ರಮ್ಮ ಅದೇ ಸುತ್ತನ್ನು ಮತ್ತೊಮ್ಮೆ ಬರೆದಳು. ಖಾಲಿ ಜಾಗ ಖಾಲಿಯೇ ಉಳಿಯಿತು.

ಮದುವೆ ಕೊಟ್ರಮ್ಮನ ಮನೆಯ ಮುಂದಿನ ಹಂದರದಲ್ಲಿ ಆಯಿತು. ಇಮಾಮಣ್ಣ ಸ್ಟುಡಿಯೋದ ಟಿವಿ, ಎರಡು ಸೌಂಡ್ ಬಾಕ್ಸ್ ತಂದು ಬಾಗಿಲ ಪಕ್ಕ ಇಟ್ಟಿದ್ದ. ಬೆಳಗಿನ ಶಾಸ್ತ್ರಗಳಿಗೆ ಮನೆಯವರೇ ಇದ್ದರು, ಹಾಲಮ್ಮ ಇದ್ದಳು, ಹಾಡು ಸರಾಗ ನಡೆಯಿತು. ಸುರಿಗೆಗೆ ನೀರು ತರುವುದು ತಡವಾದಾಗ ಕೊಟ್ರಮ್ಮ ರಿಮೋಟನ್ನು ಸೆರಗಿನಡಿ ಇಟ್ಟುಕೊಂಡು ಕಾದಳು. ನೀರು ಬಂದ ಕ್ಷಣಕ್ಕೆ ಒತ್ತಿದಳು.

ಸಂಜೆ ಕಳಿಸುವ ಹೊತ್ತಿಗೆ ಹಂದರ ತುಂಬಿತ್ತು. ತೆಲಿಗಿಯಿಂದ ಬಂದ ಬೀಗರು ಒಂದು ಕಡೆ, ಟ್ರ್ಯಾಕ್ಸು ಗಾಡಿ ಹೊರಗೆ ಸಿದ್ಧ. ಹಳ್ಳಿಯ ಹೆಂಗಸರು ಕೊಟ್ರಮ್ಮನ ಕುತ್ತಿಗೆಯ ಬಟ್ಟೆಯನ್ನು ನೋಡಿಯೂ ನೋಡದಂತೆ ಕುಳಿತಿದ್ದರು. ಅನ್ನಪೂರ್ಣ ಉಡಿ ತುಂಬಿಸಿಕೊಂಡು ಹೊಸ್ತಿಲ ಒಳಗೆ ನಿಂತಳು. ಕೊಟ್ರಮ್ಮ ಗುಂಡಿ ಒತ್ತಿದಳು. ಪರದೆಯ ಮೇಲೆ ಅದೇ ಹೊಸ್ತಿಲು ಬಂತು.

ಮೊದಲ ಸಾಲು ಬಂದು ನಿಂತಿತು. ಯಾರೂ ಅನ್ನಲಿಲ್ಲ. ಹಾಲಮ್ಮನೂ ಅನ್ನಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಎರಡನೆಯ ಸಾಲು ಬಂತು. ಮತ್ತೆ ಖಾಲಿ. ಗಂಡಿನ ಕಡೆಯ ಹಿರಿಯರೊಬ್ಬರು ಎದ್ದು ಟಿವಿಯ ಕಡೆ ನಡೆದರು. "ಡಿಸ್ಕು ಸಿಕ್ಕಾಕ್ಕಂಡೈತೆ ಕಣ್ರಿ, ತೆಗದು ಒರಸಿ ಹಾಕ್ರಿ." ಇಮಾಮಣ್ಣ ನನ್ನ ಕಡೆ ನೋಡಿದ.

ಕೊಟ್ರಮ್ಮ ಕೈ ಎತ್ತಿದಳು.

ಹಾಲಮ್ಮ ಸೆರಗು ತೆಗೆದಳು. "ಡಿಸ್ಕು ಸರಿ ಐತ್ರಿ ಬೀಗರ! ಸಿಕ್ಕೊಂಡಿರೋದು ನಿಮ್ಮೂರ ಹೆಣ್ಣುಮಕ್ಕಳ ಬಾಯಿ!"

ನಗು ಎದ್ದಿತು. ಮೂರನೆಯ ಸಾಲು ಆ ನಗುವಿನ ಮೇಲೆಯೇ ಬಂತು. ನಿಂತಾಗ ಹಾಲಮ್ಮನ ಕಟ್ಟಿದ ಗಂಟಲು ಮೊದಲು ಎದ್ದಿತು. ಅದರ ಹಿಂದೆ ಊರಿನವರದು. ಮುಂದಿನ ಸಾಲಿಗೆ ತೆಲಿಗಿಯ ಹೆಂಗಸರೂ ಸೇರಿದರು. ಕಳಿಸುವ ಹಾಡಿಗೆ ಗಂಡಿನ ಕಡೆಯವರು ದನಿ ಕೂಡಿಸುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಿಲ್ಲ. ಹಿರಿಯರು ಟಿವಿಯ ಬಳಿ ಅಲ್ಲೇ ನಿಂತುಬಿಟ್ಟರು. ಸಾಲಿನಿಂದ ಸಾಲಿಗೆ ಹಾಡು ನಿಧಾನವಾಯಿತು. ಬಿಟ್ಟ ಜಾಗ ಪ್ರತಿ ಸಲವೂ ಸಾಕಾಯಿತು. ಅನ್ನಪೂರ್ಣ ಹೊಸ್ತಿಲು ದಾಟಿ ಒಮ್ಮೆ ತಿರುಗಿ ನೋಡಿದಳು.

ಅವಳು ನೋಡಿದ ಕಡೆ ನಾನೂ ನೋಡಿದೆ. ಕೊಟ್ರಮ್ಮನ ಕೈ ಮೇಲೆಯೇ ಇತ್ತು. ಡಿಸ್ಕಿನಲ್ಲಿ ತನ್ನ ದನಿ ಬಂದಾಗ ಆಕೆ ಸುಮ್ಮನಿರುತ್ತಿದ್ದಳು. ಅದು ನಿಂತು ಹೆಂಗಸರೆಲ್ಲ ಅನ್ನುವಾಗ ಅವಳ ತುಟಿ ಅಲುಗುತ್ತಿತ್ತು. ಎಲ್ಲರ ಮದುವೆಯಲ್ಲೂ ಸಾಲು ಎತ್ತಿದವಳು ಮಗಳ ಮದುವೆಯಲ್ಲಿ ಸುತ್ತಿನವರ ಜೊತೆ ಕುಳಿತು ಹಿಂದೆ ಅನ್ನುತ್ತಿದ್ದಳು.